ಬಿಲ್ಲೆಗಳ ಸಾಲು ಹಿಡಿದು: ರೋಮನ್ ಮೊಸಾಯಿಕ್ ಮಾದರಿಯ ಆಲ್ಬಂ ಕವರ್

ಫೋಟೋಗೆ ಮೊಸಾಯಿಕ್ ಫಿಲ್ಟರ್ ಹಾಕಿದರೆ ಸಿಗುವುದು ಬರೀ ಚೌಕಳಿ. ಮೂಗು ಎಲ್ಲಿ ಮುಗಿಯಿತು, ಕೆನ್ನೆ ಎಲ್ಲಿ ಶುರುವಾಯಿತು ಎಂಬುದು ಫಿಲ್ಟರಿಗೆ ಗೊತ್ತಾಗುವುದಿಲ್ಲ. ರೋಮನ್ ಕುಶಲಕರ್ಮಿಗಳು ಬಿಲ್ಲೆಗಳನ್ನು, ಅಂದರೆ ಕಲ್ಲು, ಗಾಜಿನ ಪುಟ್ಟ ಚೂರುಗಳನ್ನು, ಆಕಾರದ ಅಂಚಿಗೆ ಒತ್ತಾಗಿ, ಅದರ ತಿರುವನ್ನೇ ಹಿಡಿದು ಸಾಲಾಗಿ ಕೂರಿಸುತ್ತಿದ್ದರು. ಈ ಹರಿವಿಗೆ ಇಟಾಲಿಯನ್ನಿನಲ್ಲಿ ಅಂದಮೆಂತೊ ಎನ್ನುತ್ತಾರೆ. ಕವರಿನ ಕೆಲಸದಲ್ಲಿ ನನ್ನ ಮುಕ್ಕಾಲು ಸಮಯ ಹೋಗುವುದು ಇದಕ್ಕೇ.

ನಾನು ಎದುರಿಗಿಟ್ಟುಕೊಂಡದ್ದು ಪ್ರಾಚೀನ ರೋಮನ್ ಪಟ್ಟಣ ಪಾಂಪೆಯ ‘ಸಿಸೆರೊನ ವಿಲ್ಲಾ’ ಎಂದು ಕರೆಯುವ ಮನೆಯಲ್ಲಿ ಸಿಕ್ಕಿದ ಬೀದಿ ಸಂಗೀತಗಾರರ ಮೊಸಾಯಿಕ್. ಗ್ರೀಕ್ ದ್ವೀಪ ಸಾಮೋಸ್‌ನ ಡಯೊಸ್ಕುರಿಡೀಸ್ ಸಹಿ ಹಾಕಿರುವ ಈ ಕೃತಿ ಈಗ ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿದೆ. ತಮಟೆಯಂಥ ಟಿಂಪನಂ, ಪುಟ್ಟ ತಾಳ, ಜೋಡಿ ನಾಳದ ಊದುವಾದ್ಯ ಆಲೋಸ್, ಹಿಂದಿನ ಗೋಡೆಯ ಮೇಲೆ ಅವರ ನೆರಳು. ಸಂಗೀತದ ಕವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಮೊದಲು ಅಳತೆ. ಸಾಮಾನ್ಯ ರೋಮನ್ ನೆಲದ ಬಿಲ್ಲೆ ಸುಮಾರು 1 ಸೆಂ.ಮೀ.; ಮುಖದಂಥ ಸೂಕ್ಷ್ಮ ಭಾಗಕ್ಕೆ 4 ಮಿ.ಮೀ. ಅಥವಾ ಅದಕ್ಕೂ ಕಡಿಮೆ. 3000×3000 ಪಿಕ್ಸೆಲ್ ಕವರಿನಲ್ಲಿ 1 ಸೆಂ.ಮೀ.ಗೆ 50 ಪಿಕ್ಸೆಲ್ ಹಿಡಿದೆ. ಹಿನ್ನೆಲೆಗೆ 44ರ ಬಿಲ್ಲೆ, 6ರ ಸಂದು. ಮುಖಕ್ಕೆ 18ರ ಬಿಲ್ಲೆ, 2ರ ಸಂದು. ಬಿಲ್ಲೆ ಚಿಕ್ಕದಾದಂತೆ ಸಂದೂ ಚಿಕ್ಕದಾಗಲೇಬೇಕು. ಮುಖದಲ್ಲೂ 6ರ ಸಂದನ್ನೇ ಬಿಟ್ಟರೆ ಬಿಲ್ಲೆ 14ಕ್ಕೆ ಇಳಿಯುತ್ತದೆ, ಮುಖದ ಅರ್ಧ ಜಾಗ ಸಂದು ತುಂಬುವ ಗಾರೆಗೇ ಹೋಗುತ್ತದೆ. ಫೋನಿನಲ್ಲಿ 300 ಪಿಕ್ಸೆಲ್‌ಗೆ ಕುಗ್ಗಿದಾಗ ಬಿಲ್ಲೆಯ ಬಣ್ಣವೂ ಗಾರೆಯ ಬಣ್ಣವೂ ಬೆರೆತು ಮುಖ ಮಂಕಾಗುತ್ತದೆ. ಗಾರೆಗೆ ಅಪ್ಪಟ ಕಪ್ಪು ಹಾಕಬಾರದು ಎನ್ನುವುದೂ ಇದಕ್ಕೇ. ಮಣ್ಣು ಬೆರೆತ ಸುಣ್ಣದ ಬೂದು ಸಾಕು.

ಚಿತ್ರ ಬರೆಯುವ ಸಾಫ್ಟ್‌ವೇರ್ ಇಂಕ್‌ಸ್ಕೇಪಿನಲ್ಲಿ ಮೊದಲು ಆಕೃತಿಯ ಹೊರಗೆರೆ ಎಳೆದು, ಗೆರೆಯನ್ನು ಹೊರಕ್ಕೆ ಹಿಗ್ಗಿಸುವ ‘ಔಟ್‌ಸೆಟ್’ನಿಂದ ಅದಕ್ಕೆ ಸಮಾಂತರ ಗೆರೆಗಳನ್ನು ತೆಗೆಯುತ್ತೇನೆ. ಬಿಲ್ಲೆ ಕೂರಿಸಲು ‘ಪ್ಯಾಟರ್ನ್ ಅಲಾಂಗ್ ಪಾತ್’ ಬೇಡ, ತಿರುವಿನಲ್ಲಿ ಅದು ಬಿಲ್ಲೆಯನ್ನೇ ಬಾಗಿಸುತ್ತದೆ. ಕಲ್ಲು ಬಾಗುವುದಿಲ್ಲ. ‘ಸ್ಕ್ಯಾಟರ್’ ಎಕ್ಸ್‌ಟೆನ್ಷನ್ನಿನಲ್ಲಿ ಗೆರೆಯ ದಿಕ್ಕನ್ನು ಅನುಸರಿಸುವ ಆಯ್ಕೆ ಹಾಕಿದರೆ ಬಿಲ್ಲೆ ಬಾಗದೆ ಗೆರೆಯ ಜೊತೆ ತಿರುಗುತ್ತದೆ. ಚೂಪು ಮೂಲೆಗಳಲ್ಲಿ ಬೀಳುವ ತ್ರಿಕೋನ ಖಾಲಿಗಳನ್ನು ಕೈಯಿಂದಲೇ ತುಂಬಬೇಕು. ಹಿನ್ನೆಲೆಯ ಮೊದಲ ಎರಡು ಸಾಲು ಆಕೃತಿಯನ್ನು ಸುತ್ತುವರಿಯಲಿ, ಆಮೇಲೆ ಅಡ್ಡ ಸಾಲು. ಈ ಎರಡು ಸಾಲು ಇಲ್ಲದಿದ್ದರೆ ಆಕೃತಿ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಸುತ್ತುವ ಸಾಲೂ ಅಡ್ಡ ಸಾಲೂ ಕೂಡುವಲ್ಲಿ ಬಿಲ್ಲೆಯ ಮೂರನೇ ಒಂದಕ್ಕಿಂತ ಸಣ್ಣ ಚೂರು ಬಂದರೆ ಪಕ್ಕದ್ದರಲ್ಲಿ ಸೇರಿಸಿಬಿಡಿ.

ಬಣ್ಣ ಆರು ಸಾಕು: ಸುಣ್ಣಕಲ್ಲಿನ ಬಿಳಿ, ಕಪ್ಪು, ಹಳದಿ, ಕಾವಿ, ಬೂದು, ಮಿತವಾಗಿ ಗಾಜಿನ ನೀಲಿ. ಪ್ರತಿ ಬಣ್ಣದಲ್ಲೂ ಹೊಳಪನ್ನು 6% ಒಳಗೆ ಏರಿಳಿಸಿ. ಅದಕ್ಕಿಂತ ಹೆಚ್ಚಾದರೆ ಹಿನ್ನೆಲೆ ಚುಕ್ಕೆಚುಕ್ಕೆಯಾಗಿ ಕಣ್ಣನ್ನು ಮುಖದಿಂದ ಎಳೆದುಬಿಡುತ್ತದೆ. ಅಡ್ಡ ಸಾಲುಗಳ ಬಿಲ್ಲೆಗಳನ್ನು 1–3 ಡಿಗ್ರಿ ತಿರುಗಿಸುವುದು ಚೆಂದಕ್ಕಷ್ಟೇ ಅಲ್ಲ: ತೀರಾ ಕ್ರಮಬದ್ಧ ಚೌಕಗಳು ಚಿತ್ರ ಕುಗ್ಗುವಾಗ ಅಲೆಅಲೆಯ ಪಟ್ಟೆ ಎಬ್ಬಿಸುತ್ತವೆ.

ಶೀರ್ಷಿಕೆಯೇ ಕಷ್ಟದ ಭಾಗ. ರೋಮನ್ ದೊಡ್ಡಕ್ಷರಗಳಲ್ಲಿ ನೇರ ಗೆರೆಗಳೇ ಹೆಚ್ಚು, ಏಳೆಂಟು ಬಿಲ್ಲೆ ಎತ್ತರದಲ್ಲೂ ನಿಲ್ಲುತ್ತವೆ. ಕನ್ನಡದ ದುಂಡಕ್ಷರಕ್ಕೆ ನಾನು ಕನಿಷ್ಠ 14 ಬಿಲ್ಲೆ ಎತ್ತರ ಕೊಡುತ್ತೇನೆ, ಗೆರೆಗೆ 2 ಬಿಲ್ಲೆ ದಪ್ಪ. ಅಕ್ಷರದೊಳಗಿನ ಖಾಲಿಗೂ ಎರಡು ಬಿಲ್ಲೆ ಜಾಗ ಬೇಕು, ಇಲ್ಲವಾದರೆ ‘ಕ್ಷ’ದ ಹೊಟ್ಟೆ ಮುಚ್ಚಿಹೋಗುತ್ತದೆ. ಒತ್ತಕ್ಷರ ಚಿಕ್ಕದಾಗಿರಲಿ, ಆದರೆ ಚಿಕ್ಕ ಬಿಲ್ಲೆಯಲ್ಲಿ. ಚೌಕಳಿ ಹಾಳೆಯ ಮೇಲೆ ಅಕ್ಷರ ತುಂಬಬೇಡಿ, ತಲಕಟ್ಟಿನಿಂದ ಶುರುಮಾಡಿ ಬರವಣಿಗೆಯ ದಾರಿಯಲ್ಲೇ ಬಿಲ್ಲೆ ಸಾಗಲಿ.

ಹೆಣಿಗೆಯ ಅಂಚುಪಟ್ಟಿ ದೊಡ್ಡ ನೆಲಕ್ಕೆ ಸೊಗಸು, ಫೋನಿನಲ್ಲಿ ಬರೀ ಗದ್ದಲ. ಎರಡು ಸಾಲಿನ ಕಪ್ಪು ಪಟ್ಟಿ ಸಾಕು. ಸಿ.ಡಿ.ಗೆ ಮುದ್ರಿಸುವುದಾದರೆ 120 ಮಿ.ಮೀ. ಚೌಕಕ್ಕೆ ಸುತ್ತ 3 ಮಿ.ಮೀ. ಹೆಚ್ಚುವರಿ ಬಿಟ್ಟು, ಪಟ್ಟಿಯನ್ನು ಕತ್ತರಿಸುವ ಗೆರೆಯಿಂದ 5 ಮಿ.ಮೀ. ಒಳಗಿಡಿ. ಅಂಚಿಗೇ ಇಟ್ಟರೆ ಕತ್ತರಿ 1 ಮಿ.ಮೀ. ಸರಿದರೂ ಒಂದು ಬದಿ ಸಣಕಲಾಗಿ ಕಾಣುತ್ತದೆ. ಮುದ್ರಣದ ಬಣ್ಣಕ್ಕೆ ಬದಲಿಸಿದಾಗ ಗಾಜಿನ ನೀಲಿ ಕಳೆಗುಂದುತ್ತದೆ. ಆಗ ನೀಲಿಯನ್ನು ಎಳೆದಾಡದೆ ಪಕ್ಕದ ಹಳದಿಯನ್ನು ತುಸು ಬೆಚ್ಚಗೆ ಮಾಡುತ್ತೇನೆ.