ಏಳನೇ ಸೆಮ್‌ನ ಬೋರ್‌ವೆಲ್ ಪ್ರಾಜೆಕ್ಟ್: ಕೊಂಡಿದ್ದಲ್ಲ, ನಾವೇ ಮಾಡಿದ್ದು

ವಿಟಿಯು ಕಂಪ್ಯೂಟರ್ ಸೈನ್ಸ್‌ನ ಏಳನೇ ಸೆಮ್ ಹೇಗಿರುತ್ತದೆ ಅಂತ ಮುಗಿಸಿದವರಿಗೆ ಗೊತ್ತು. ಐಎ (ಕಾಲೇಜಿನ ಒಳಗಿನ ಟೆಸ್ಟ್), ಲ್ಯಾಬ್ ರೆಕಾರ್ಡ್, ಶೇ 85 ಹಾಜರಿ, ವಾರಕ್ಕೊಂದು ಕಂಪನಿ, ಅದರದ್ದೊಂದು ಆಪ್ಟಿಟ್ಯೂಡ್ ಟೆಸ್ಟ್. ಇದರ ಮಧ್ಯೆ ಪ್ರಾಜೆಕ್ಟ್. ಅದಕ್ಕೇ ಸುಮಾರು ಜನ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರುತ್ತಾರೆ. ನಮಗೂ ಒಬ್ಬರು ರೇಟ್ ಹೇಳಿದ್ದರು. ಕೋಡ್, ರಿಪೋರ್ಟ್, ಪಿಪಿಟಿ, ವೈವಾ ಪ್ರಶ್ನೆಗಳು ಎಲ್ಲ ಸೇರಿ ಹದಿನೆಂಟು ಸಾವಿರದ ಹತ್ತಿರ. ಎಲೆ ರೋಗ ಪತ್ತೆ, ಹೃದ್ರೋಗ ಪತ್ತೆ, ಫೇಕ್ ನ್ಯೂಸ್ ಪತ್ತೆ, ಯಾವುದು ಬೇಕೋ ಆರಿಸಿಕೊಳ್ಳಿ!

ನಾವು ನಾಲ್ವರು ಬೋರ್‌ವೆಲ್ ಹಿಡಿದೆವು. ನೀರು ನಿಂತರೆ ಪಂಪ್ ತಾನೇ ಆಫ್ ಆಗಬೇಕು. ಮೂರು ಫೇಸ್‌ನಲ್ಲಿ ಒಂದು ಹೋದರೂ ಆಫ್ ಆಗಬೇಕು. ಸುದ್ದಿ ಮನೆಗೆ ಬರಬೇಕು. ಗೈಡ್ ಕೇಳಿದ ಮೊದಲ ಪ್ರಶ್ನೆ, "ಮೊಬೈಲ್ ಸ್ಟಾರ್ಟರ್ ಅಂಗಡಿಯಲ್ಲೇ ಸಿಗುತ್ತಲ್ಲ?" ಸಿಗುತ್ತದೆ. ಅದು ಸಿಮ್ ಹಾಕಿ ಫೋನ್‌ನಿಂದ ಪಂಪ್ ಓಡಿಸುವ ಡಬ್ಬಿ. ಆದರೆ ಸಾಗರದ ಹತ್ತಿರ ನಮ್ಮ ಅಡಿಕೆ ತೋಟ ಇರುವುದು ಗುಡ್ಡದ ಬುಡದಲ್ಲಿ. ಅಲ್ಲಿ ಯಾವ ಸಿಮ್‌ಗೂ ಒಂದು ಕಡ್ಡಿ ಸಿಗ್ನಲ್ ಬರುವುದಿಲ್ಲ. ಅದಕ್ಕೇ ಲೋರಾ, ಸಿಮ್ ಇಲ್ಲದೆ ಕಡಿಮೆ ಪವರ್‌ನಲ್ಲೇ ದೂರಕ್ಕೆ ಸುದ್ದಿ ಕಳಿಸುವ ರೇಡಿಯೋ. "ಸಿಎಸ್‌ನವರಿಗೆ ಇದೆಲ್ಲ ಯಾಕೆ, ಎಲೆಕ್ಟ್ರಾನಿಕ್ಸ್‌ನವರಿಗೆ ಬಿಡಿ" ಅಂತ ಕ್ಲಾಸಿನವರು ಸೆಮ್ ಮುಗಿಯುವ ತನಕ ಹೇಳುತ್ತಲೇ ಇದ್ದರು.

ಬೆಂಗಳೂರಿನ ಎಸ್‌ಪಿ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಲೋರಾ ಕೇಳಿದರೆ ಮೊದಲು ಕೈಗಿಡುವುದು 433 ಮೆಗಾಹರ್ಟ್ಸ್ ಮಾಡ್ಯೂಲ್. ಅಗ್ಗ ನಿಜ. ನಮಗೆ ಬೇಕಿದ್ದದ್ದು ಇಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ 865-867ರದ್ದು. ಹುಡುಕಿ ತಂದದ್ದು ಒಂದಕ್ಕೆ ಏಳುನೂರು ಚಿಲ್ಲರೆ. ಅದರಲ್ಲಿ ಒಂದು ಮೊದಲ ವಾರವೇ ಸತ್ತಿತು. ಆಂಟೆನಾ ಇಲ್ಲದೆ ಫುಲ್ ಪವರ್‌ನಲ್ಲಿ ಓಡಿಸಿದರೆ ಇನ್ನೇನಾಗುತ್ತದೆ? ಹಾಸ್ಟೆಲ್ ಟೆರೇಸ್‌ನಿಂದ ಒಂದು ಕಿಲೋಮೀಟರ್ ಆರಾಮಾಗಿ ಹೋಗುತ್ತಿತ್ತು. ತೋಟದಲ್ಲಿ ಅದರ ಅರ್ಧ ದೂರಕ್ಕೂ ಒಂದು ಪ್ಯಾಕೆಟ್ ಬರಲಿಲ್ಲ. ಮಧ್ಯೆ ದಿಬ್ಬ, ಮಳೆಗೆ ನೆನೆದ ಸೋಗೆ. ಲೋರಾದ ಎಸ್‌ಎಫ್ (ಸ್ಪ್ರೆಡಿಂಗ್ ಫ್ಯಾಕ್ಟರ್) ಏರಿಸಿದಷ್ಟೂ ದೂರ ಹೆಚ್ಚು, ವೇಗ ಕಡಿಮೆ. ಅದನ್ನು 7ರಿಂದ 12ಕ್ಕೆ ಏರಿಸಿದೆವು, ನಾಲ್ಕು ಬೈಟ್ ಹೋಗಲಿಕ್ಕೆ ಒಂದು ಸೆಕೆಂಡ್ ಆಯಿತು. ಪರವಾಗಿಲ್ಲ, ಪಂಪಿಗೇನು ಅವಸರ? ಜೊತೆಗೆ ಬಂದ ಸ್ಪ್ರಿಂಗ್ ಆಂಟೆನಾ ಕಿತ್ತು ಎಂಟೂವರೆ ಸೆಂಟಿಮೀಟರ್ ತಂತಿ ಬೆಸೆದೆವು. ಮನೆ ಕಡೆಯ ಆಂಟೆನಾ ಎಲ್ಲಿಟ್ಟೆವು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ನಮ್ಮೂರ ಮಂಗಗಳಿಗೂ ಅದು ಇನ್ನೂ ಗೊತ್ತಾಗಿಲ್ಲ.

ನಮ್ಮ ಕಂಟ್ರೋಲರ್ ಬೋರ್ಡ್ ಇಎಸ್‌ಪಿ32ರಲ್ಲಿ ವೈಫೈ ಆನ್ ಆದರೆ ಸೆನ್ಸರ್ ಓದುವ ಎಡಿಸಿ2 ಪಿನ್‌ಗಳು ಕೆಲಸ ಮಾಡುವುದಿಲ್ಲ. ಲ್ಯಾಬ್‌ನಲ್ಲಿ ಸರಿಯಾಗಿ ಬರುತ್ತಿದ್ದ ರೀಡಿಂಗ್ ವೈಫೈ ಸೇರಿಸಿದ ಕೂಡಲೇ ಕೈಕೊಟ್ಟಿತು. ಅದಕ್ಕೆ ಎರಡು ರಾತ್ರಿ ಹೋಯಿತು, ಮರುದಿನ ಐಎ ಬೇರೆ. ಕರೆಂಟ್ ಹೋದಾಗ ಬೋರ್ಡ್ ಬದುಕಿರಲಿ ಅಂತ ಹಾಸ್ಟೆಲ್‌ನ ಹಳೇ ಪವರ್ ಬ್ಯಾಂಕ್ ಸಿಕ್ಕಿಸಿದ್ದೆವು. ಲೋಡ್ ಕಡಿಮೆ ಅಂತ ಅದು ತಾನೇ ಆಫ್ ಆಗುತ್ತಿತ್ತು. ಕೊನೆಗೆ 18650 ಲಿಥಿಯಂ ಸೆಲ್ಲೇ ಗತಿ.

ಇಷ್ಟೆಲ್ಲ ಆದ ಮೇಲೆ ನಿಜವಾದ ತೊಂದರೆ ಶುರು. ನಮ್ಮ ಸೆಮ್ ನಡೆಯುವುದು ಮಳೆ ಮುಗಿಯುವ ಹೊತ್ತಿಗೆ. ಮಲೆನಾಡಲ್ಲಿ ಆಗ ತೋಟಕ್ಕೆ ನೀರೇ ಬಿಡುವುದಿಲ್ಲ, ಬೋರ್ ಬತ್ತುವ ಮಾತಂತೂ ದೂರ. ಡ್ರೈ ರನ್, ಅಂದರೆ ನೀರಿಲ್ಲದೆ ಪಂಪ್ ಓಡುವಾಗಿನ ಡೇಟಾ ಎಲ್ಲಿಂದ ತರೋದು? ಗೇಟ್ ವಾಲ್ವ್ ಕೆಲವು ಸೆಕೆಂಡ್ ಮುಚ್ಚಿ ನೋಡಿದೆವು. ಆಂಪಿಯರ್ ಇಳಿಯಿತು. "ಇದು ಡ್ರೈ ರನ್ ಅಲ್ಲ" ಅಂದರು ಗೈಡ್. ಅವರ ಮಾತು ಸರಿಯೇ. ನಮ್ಮ ಟೀಮಿನ ಒಬ್ಬನ ಊರು ಹೊಸದುರ್ಗದ ಕಡೆ. ಅವರ ಬೋರ್ ಮುಕ್ಕಾಲು ಗಂಟೆ ನೀರು ಎತ್ತಿ ಆಮೇಲೆ ಗಾಳಿ ಉಗುಳುತ್ತದೆ. ಅವನು ಅದನ್ನು ಹೇಳಿಕೊಳ್ಳಲು ನಾಚುತ್ತಿದ್ದ, ನಮಗೆ ಅದೇ ನಿಧಿ!

ಅಲ್ಲಿ 5 ಎಚ್‌ಪಿ ಮೋಟಾರ್. ಮೂರು ವೈರಿಗೂ ಒಂದೊಂದು ಸಿಟಿ ಕ್ಲಾಂಪ್ (ವೈರಿನ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ ಸೆನ್ಸರ್) ಹಾಕಿದೆವು. ನೀರಿದ್ದಾಗ ಎಂಟು ಆಂಪಿಯರ್ ಆಸುಪಾಸು, ಗಾಳಿ ಎಳೆದಾಗ ಐದೋ ಐದೂವರೆಯೋ. ಐದೂವರೆಗೆ ಇಳಿದರೆ ಆಫ್ ಅಂತ ಬರೆದೆವು. ಹಗಲು ಕೆಲಸ ಮಾಡಿತು. ರಾತ್ರಿ ಪಾಳಿಯ ತ್ರೀ ಫೇಸ್ ಬಂದಾಗ ವೋಲ್ಟೇಜ್ ಬೇರೆ, ಆಂಪಿಯರ್ ಬೇರೆ. ನೀರು ಬರುತ್ತಿದ್ದರೂ ಆಫ್, ಬರದಿದ್ದರೂ ಓಡುತ್ತಿತ್ತು. ಒಂದೇ ಅಂಕಿ ಇಟ್ಟುಕೊಂಡು ಕೂತರೆ ಇದು ಆಗುವ ಕೆಲಸವಲ್ಲ. ವೋಲ್ಟೇಜ್ ಸೆನ್ಸರ್ ಸೇರಿಸಿ, ಎರಡನ್ನೂ ಒಟ್ಟಿಗೆ ನೋಡಿ, ಪಂಪ್ ಶುರುವಾದ ಮೊದಲ ಕೆಲ ನಿಮಿಷದ ಲೆಕ್ಕವನ್ನೇ ಆಯಾ ದಿನದ ಅಳತೆ ಮಾಡಿಕೊಂಡೆವು. ಅಲ್ಲಿಂದ ಮುಂದೆ ಸುಳ್ಳು ಟ್ರಿಪ್ ಹೆಚ್ಚುಕಡಿಮೆ ನಿಂತೇ ಹೋಯಿತು. ಯಾವ ಅನುಪಾತ, ಎಷ್ಟು ಸೆಕೆಂಡ್ ಕಾಯಬೇಕು, ಅದು ನಮ್ಮ ಹತ್ತಿರವೇ ಇರಲಿ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಸಿಟಿ ಕ್ಲಾಂಪ್ ಒಂದಕ್ಕೆ ನಾನೂರೈವತ್ತು, ಮೈಕ್ ಆದರೆ ನೂರೈವತ್ತು. ಡೆಲಿವರಿ ಪೈಪಿನ ಸದ್ದು ಕೇಳಿಯೇ ನೀರಿದೆಯೋ ಇಲ್ಲವೋ ಹೇಳಬಹುದಲ್ವಾ ಅಂತ ನನ್ನ ವಾದ. ಹೊಸದುರ್ಗದಲ್ಲಿ ಚೆನ್ನಾಗೇ ಹೇಳಿತು. ಸಾಗರದಲ್ಲಿ ಇಟ್ಟ ಮೊದಲ ರಾತ್ರಿ ಪಂಪ್ ಆಫ್ ಇದ್ದರೂ "ನೀರು ಬರುತ್ತಿದೆ" ಅಂತ ಬೆಳಗಿನ ತನಕ ಮೆಸೇಜ್. ಎಲ್ಲ ಕಪ್ಪೆಗಳು. ಆ ರೆಕಾರ್ಡಿಂಗ್ ಇನ್ನೂ ಇಟ್ಟಿದ್ದೇನೆ, ಯಾರಾದರೂ ಕಪ್ಪೆ ಜಾತಿ ಪತ್ತೆ ಪ್ರಾಜೆಕ್ಟ್ ಮಾಡುವವರಿದ್ದರೆ ಕೊಡುತ್ತೇನೆ.

ಓದಿದ್ದು ಯಾವಾಗ ಅಂತ ಕೇಳುತ್ತಾರೆ. ಬೆಳಗ್ಗೆ ಎದ್ದು ಒಂದೂವರೆ ಗಂಟೆ ಲೀಟ್‌ಕೋಡ್ ಸೈಟಿನಲ್ಲಿ ಕೋಡಿಂಗ್ ಅಭ್ಯಾಸ, ಏನೇ ಆದರೂ. ಥಿಯರಿ ಎಲ್ಲ ಊರಿಗೆ ಹೋಗುವ ರೈಲಿನಲ್ಲಿ. ಕೆಎಸ್‌ಸಿಎಸ್‌ಟಿಯ (ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ಸ್ಟೂಡೆಂಟ್ ಪ್ರಾಜೆಕ್ಟ್ ಯೋಜನೆಗೆ ಪ್ರಪೋಸಲ್ ಬರೆದಿದ್ದೆವು. ಬರುವ ಹಣವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಆದರೆ ಅದೇ ಬರಹ ರಿಪೋರ್ಟಿನ ಮೊದಲ ಎರಡು ಅಧ್ಯಾಯ ಆಯಿತು. ಇದೊಂದು ಉಪಾಯ ಮಾತ್ರ ಎಲ್ಲರೂ ಮಾಡಿ. ಹಾಜರಿ ಶೇ 86ಕ್ಕೆ ಬಂದು ನಿಂತಿತು.

ಪ್ಲೇಸ್‌ಮೆಂಟ್‌ನಲ್ಲಿ ಮೊದಲ ಎರಡು ಕಂಪನಿ ಕೋಡಿಂಗ್ ರೌಂಡಿನಲ್ಲೇ ಹೊರಗೆ ಹಾಕಿದವು. ಮೂರನೆಯದರಲ್ಲಿ ಇಂಟರ್‌ವ್ಯೂ ಮಾಡಿದವರು ರೆಸ್ಯೂಮೆ ನೋಡಿ "ಇದನ್ನು ನೀವೇ ಮಾಡಿದ್ದಾ?" ಅಂದರು. ಎಡಿಸಿ2 ಕಥೆ, ಕಪ್ಪೆ ಕಥೆ, ವೋಲ್ಟೇಜ್ ಕಥೆ. ನಲವತ್ತು ನಿಮಿಷದಲ್ಲಿ ಮೂವತ್ತು ಇದೇ ಮಾತು. ಬೈನರಿ ಟ್ರೀ ಒಂದೇ ಒಂದು ಕೇಳಿದರು. ಆಫರ್ ಬಂತು, ಕ್ಲಾಸಿನ ಸರಾಸರಿಗಿಂತ ಸ್ವಲ್ಪ ಮೇಲೇ.

ವೈವಾಗೆ ಬೋರ್‌ವೆಲ್ ಹೊತ್ತು ತರಲಾಗುತ್ತದೆಯೇ? ಒಂದು ಡ್ರಮ್ ನೀರು, ಬಾಡಿಗೆಗೆ ತಂದ ಅರ್ಧ ಎಚ್‌ಪಿ ಮೋನೋಬ್ಲಾಕ್ ಪಂಪ್. ಡ್ರಮ್ ಖಾಲಿಯಾಗುತ್ತಿದ್ದ ಹಾಗೇ ರಿಲೇ ಟಕ್ ಅಂತ ಬಿತ್ತು, ಪಂಪ್ ನಿಂತಿತು. ಎಕ್ಸ್‌ಟರ್ನಲ್ (ಹೊರಗಿನಿಂದ ಬಂದ ಪರೀಕ್ಷಕರು) ಇನ್ನೊಮ್ಮೆ ತೋರಿಸಿ ಅಂದರು, ಮತ್ತೆ ಬಿತ್ತು. ಲ್ಯಾಬ್ ತುಂಬ ನೀರು, ಅಟೆಂಡರ್ ಹತ್ತಿರ ಬೈಸಿಕೊಂಡು ನಾವೇ ಒರೆಸಿದೆವು. ಎಕ್ಸ್‌ಟರ್ನಲ್ ಹೊರಡುವಾಗ ಪಾರ್ಟ್ಸ್ ಲಿಸ್ಟ್ ಫೋಟೋ ತೆಗೆದುಕೊಂಡರು, ಅವರ ಊರಲ್ಲೂ ತೋಟ ಇದೆಯಂತೆ.

ಖರ್ಚು: ಸತ್ತ ಮಾಡ್ಯೂಲ್, ಕಪ್ಪೆ ಮೈಕ್, ಮೋನೋಬ್ಲಾಕ್ ಬಾಡಿಗೆ ಸೇರಿ ಹನ್ನೊಂದು ಸಾವಿರದ ಹತ್ತಿರ. ಪ್ರಯಾಣ ಬೇರೆ. ತಲೆಗೆ ಮೂರು ಸಾವಿರ ಕೂಡ ಆಗಲಿಲ್ಲ. ಈಗ ಮಾಡಿದರೆ ಒಂದು ತೋಟದ ಸೆಟ್ ನಾಲ್ಕೂವರೆ ಸಾವಿರಕ್ಕೆ ಮುಗಿಯುತ್ತದೆ.

ಜೂನಿಯರ್‌ಗಳು ಕೋಡ್ ಕೇಳುತ್ತಿದ್ದಾರೆ. ರೇಡಿಯೋ ಭಾಗ ಪೂರ್ತಿ ಕೊಟ್ಟಿದ್ದೇನೆ. ಅನುಪಾತದ ಫೈಲ್ ಕೊಟ್ಟಿಲ್ಲ. ಹೊಸದುರ್ಗದಲ್ಲಿ ಅಕ್ಕಪಕ್ಕದ ಮೂವರು ತಮಗೂ ಬೇಕು ಅಂದಿದ್ದಾರೆ, ಅದರಲ್ಲಿ ಒಬ್ಬರು ಸಾವಿರ ರೂಪಾಯಿ ಅಡ್ವಾನ್ಸ್ ಕೂಡ ಕೊಟ್ಟಾಗಿದೆ.