ಅಟ್ಟದ ಕೊಬ್ಬರಿ ಅಮೆರಿಕದ ಅರ್ಜಿಗೆ ಹತ್ತಿದ್ದು

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕಿದ ವರ್ಷ ನನಗೆ ಎಸ್‌ಎಟಿ ಅನ್ನುವ ಪ್ರವೇಶ ಪರೀಕ್ಷೆಗಿಂತ ಜಾಸ್ತಿ ಕಾಟ ಕೊಟ್ಟದ್ದು 650 ಪದ ಮೀರಬಾರದ ಒಂದು ಪ್ರಬಂಧ. ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ‘ಕಾಮನ್ ಆಪ್’ ವೆಬ್‌ಸೈಟಿನಲ್ಲಿ ಈ ಪ್ರಬಂಧಕ್ಕೆ 7 ಪ್ರಶ್ನೆ ಇರುತ್ತವೆ, ಒಂದಕ್ಕೆ ಬರೆಯಬೇಕು. ಏಳನೆಯದು ನಿಮಗಿಷ್ಟ ಬಂದ ವಿಷಯ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ‘ಗ್ರಂಥಾಲಯಗಳ ಮಹತ್ವ’ ಬರೆದು ಬೆಳೆದವನಿಗೆ ಕೈಕಾಲೇ ಆಡಲಿಲ್ಲ.

ಮೊದಲು ರೋಬೋಟ್ ಸ್ಪರ್ಧೆ ಗೆದ್ದದ್ದನ್ನು ಬರೆದೆ. ಅಕ್ಕ ಓದಿ, “ಇದು ಚಟುವಟಿಕೆ ಪಟ್ಟಿಯಲ್ಲೇ ಇದೆಯಲ್ಲೋ” ಅಂದಳು. ನಿಜ, ಅರ್ಜಿಯಲ್ಲಿ 10 ಚಟುವಟಿಕೆಗೆ ಬೇರೆ ಜಾಗವೇ ಇದೆ. ಆಮೇಲೆ ಅಜ್ಜಿ ತೀರಿಕೊಂಡದ್ದನ್ನು ಬರೆದೆ. ಓದಿದವರಿಗೆ ಅಜ್ಜಿ ಎಂಥವರು ಅಂತ ಚೆನ್ನಾಗಿ ಗೊತ್ತಾಗುತ್ತಿತ್ತು, ನಾನು ಮಾತ್ರ ಎಲ್ಲೂ ಇರಲಿಲ್ಲ. ಕಾಲೇಜಿಗೆ ಹೋಗುವುದು ನಾನಲ್ವಾ?

ಬರೆಯುವುದು ನಿಲ್ಲಿಸಿ, ಮನೆಯಲ್ಲಿ ಯಾವ್ಯಾವುದಕ್ಕೆ ಬೈಸಿಕೊಂಡಿದ್ದೇನೆ ಅಂತ ಸುಮ್ನೆ ಪಟ್ಟಿ ಮಾಡಿದೆ. ಪಟ್ಟಿ ಉದ್ದವೇ ಆಯಿತು. ಅದರಲ್ಲಿ ಸಿಕ್ಕಿತು ಕೊಬ್ಬರಿ.

ನಮ್ಮದು ತಿಪಟೂರು ಕಡೆ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಟ್ಟರೆ ಒಳಗಿನ ನೀರು ಬತ್ತಿ ಉಂಡೆ ಕೊಬ್ಬರಿ ಆಗುತ್ತದೆ. ಕಿವಿ ಹತ್ತಿರ ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಗುಳುಗುಳು ಅಂದರೆ ಇನ್ನೂ ನೀರಿದೆ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ತಾತ ಊರಲ್ಲಿಲ್ಲದ ದಿನ, ನಾಲ್ಕೈದು ಕಾಯಿ ಅಲ್ಲಾಡಿಸಿ “ಎಲ್ಲಾ ಆಗಿದೆ” ಅಂತ ಸುಲಿಸಿಬಿಟ್ಟೆ. ಅರ್ಧಕ್ಕರ್ಧ ಹಸಿ! ತಾತ ಮೂರು ದಿನ ಬೈದರು. ನಾಲ್ಕನೇ ದಿನ ಅಟ್ಟ ಹತ್ತಿಸಿ, ನನ್ನ ಕಣ್ಣು ಮುಚ್ಚಿಸಿ, ಒಂದೊಂದೇ ಕಾಯಿ ಅಲ್ಲಾಡಿಸಿ “ಇದು?” ಅಂತ ಕೇಳತೊಡಗಿದರು. ಬೇಸಿಗೆ ರಜೆ ಪೂರ್ತಿ ಅದೇ ಪರೀಕ್ಷೆ.

ಇದನ್ನು ಬರೆಯಲು ಕೂತಾಗ ಬೇರೆಯವರ ಮಾತು ಕದಿಯಬೇಕು ಅನ್ನಿಸಲೇ ಇಲ್ಲ. ಕಷ್ಟ ಆದದ್ದು ಬೇರೆ ಕಡೆ. ಅಟ್ಟ ಅಂದರೇನು, ಕೊಬ್ಬರಿ ಅಂದರೇನು ಅಂತ ಅಮೆರಿಕದವರಿಗೆ ತಿಳಿಸುವುದರಲ್ಲೇ ಅರ್ಧ ಪ್ರಬಂಧ ಮುಗಿದಿತ್ತು. ಕತ್ತರಿಸಿ ಕತ್ತರಿಸಿ ಮೂರು ವಾಕ್ಯಕ್ಕೆ ತಂದೆ. ತೆಂಗಿನ ಕೃಷಿ ಅವರಿಗೆ ಬೇಕಿಲ್ಲ, ಆ ಎರಡು ಸದ್ದು ಕೇಳಿಸಿದರೆ ಸಾಕು. ಯಾವ ಪ್ರಶ್ನೆಗೆ ಹೊಂದುತ್ತದೆ ಅಂತ ನೋಡಿದ್ದು ಕೊನೆಗೆ: ಸೋಲಿನ ಬಗ್ಗೆ ಕೇಳುವ ಎರಡನೆಯದು.

ಕಳಿಸಿದ ಮೇಲೆ ತಾತನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಕೇಳಿದರು: “ಹಸಿ ಕಾಯಿ ಸುಲಿಸಿದ್ದನ್ನ ಅಮೆರಿಕದವರಿಗೂ ಹೇಳಿದ್ಯೇನೋ?”