ಹಳೇ ಕಾಂಟೆಸ್ಸಾಗೆ ಗಟ್ಟಿ ಆಕ್ಸಲ್: ಪುಣೆ, ಮುಂಬೈ ಗುಜರಿಯಲ್ಲಿ ಏನು ನೋಡಬೇಕು, ಏನು ಅಳೆಯಬೇಕು

1984ರಲ್ಲಿ ಹಿಂದುಸ್ತಾನ್ ಮೋಟಾರ್ಸಿನ ಕಾಂಟೆಸ್ಸಾ ಕಾರು ಬಂದಾಗ ಬಾನೆಟ್ ಕೆಳಗಿದ್ದದ್ದು ಅಂಬಾಸಿಡರಿನ 1489 ಸಿಸಿ ಎಂಜಿನ್. ಶಕ್ತಿ ಸುಮಾರು 50 ಎಚ್‌ಪಿ. ಆಮೇಲಿನ ಇಸುಜು 1.8 ಅದನ್ನು 88ಕ್ಕೆ ಏರಿಸಿತು. ಈಗ ಅದೇ ಗಾಡಿಗೆ ಟರ್ಬೊ ಎಂಜಿನ್ ಇಳಿಸಿ 200 ದಾಟಿಸುವವರಿದ್ದಾರೆ. ಎಂಜಿನ್, ಗೇರ್‌ಬಾಕ್ಸ್, ಕ್ಲಚ್ಚು ಎಲ್ಲ ಹೊಸದಾಗುತ್ತದೆ, ಹಿಂದಿನ ಆಕ್ಸಲ್ ಮಾತ್ರ ಹಳೆಯದೇ ಉಳಿಯುತ್ತದೆ. ಮೊದಲು ಮುರಿಯುವುದೂ ಅದೇ. ಬದಲಿ ಆಕ್ಸಲ್ಲಿನ ಖರೀದಿ ಬೆಲೆ ಒಟ್ಟು ಖರ್ಚಿನಲ್ಲಿ ಚಿಕ್ಕ ಪಾಲು. ದುಡ್ಡು ನಿಜವಾಗಿ ಹೋಗುವುದು ಕತ್ತರಿಸುವುದಕ್ಕೆ, ಬೆಸೆಯುವುದಕ್ಕೆ, ಬಿಚ್ಚಿ ಮತ್ತೆ ಸೆಟ್ ಮಾಡುವುದಕ್ಕೆ. ಆದ್ದರಿಂದ ಆದಷ್ಟು ಕಡಿಮೆ ಕತ್ತರಿಸಬೇಕಾದ, ಒಳಗಿನ ಗೇರನ್ನು ಬಿಚ್ಚಲೇಬೇಕಿಲ್ಲದ ಆಕ್ಸಲ್ ಯಾವುದೋ ಅದೇ ಅಗ್ಗದ್ದು.

ಮುರಿಯುವುದು ಯಾಕೆ ಎಂಬುದು ಗೊತ್ತಿದ್ದರೆ ಎಷ್ಟು ಗಟ್ಟಿ ಬೇಕು ಎಂಬುದೂ ಗೊತ್ತಾಗುತ್ತದೆ. 250 ಎನ್‌ಎಂ ಎಂಜಿನ್, ಮೊದಲ ಗೇರು 3.6, ಆಕ್ಸಲ್ ರೇಷಿಯೊ (ಚಕ್ರದ ಒಂದು ಸುತ್ತಿಗೆ ಗೇರ್‌ಬಾಕ್ಸಿನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಎಂಬ ಲೆಕ್ಕ) 4.1 ಎಂದಿಟ್ಟುಕೊಳ್ಳಿ. ಗುಣಿಸಿದರೆ 3690 ಎನ್‌ಎಂ. ಆದರೆ ಅಷ್ಟನ್ನೂ ಟೈರು ರಸ್ತೆಗೆ ದಾಟಿಸಲಾರದು. ಹಿಂಬದಿಯ ಮೇಲೆ 600 ಕೆಜಿ ಭಾರ, ಹಿಡಿತ 0.9, ಚಕ್ರದ ತ್ರಿಜ್ಯ 0.31 ಮೀಟರ್ ಎಂದರೆ ಸುಮಾರು 1640 ಎನ್‌ಎಂಗೆ ಟೈರು ಜಾರುತ್ತದೆ. ಹೊರಡುವಾಗ ಭಾರ ಹಿಂದಕ್ಕೆ ಬೀಳುವುದನ್ನೂ ಸೇರಿಸಿದರೆ 2000ದ ಆಸುಪಾಸು. ಹೀಗಾಗಿ ಸಾಮಾನ್ಯ ಟೈರಿನಲ್ಲಿ ನಿಧಾನವಾಗಿ ಹೊರಟರೆ ಆಕ್ಸಲ್ ಬದುಕುತ್ತದೆ. ಕ್ಲಚ್ಚನ್ನು ಪಟ್ಟನೆ ಬಿಟ್ಟಾಗ, ಚಕ್ರ ಜಿಗಿದು ಮತ್ತೆ ನೆಲ ಕಚ್ಚಿದಾಗ ಬೀಳುವ ಏಟು ಈ ಲೆಕ್ಕ ಮೀರುತ್ತದೆ. ಮೆತ್ತನೆ ರಬ್ಬರಿನ ಅಗಲ ಟೈರು ಹಾಕಿದ ಮರುವಾರವೇ ಆಕ್ಸಲ್ ಹೋಯಿತು ಎನ್ನುವವರು ಇದನ್ನು ಗಮನಿಸಬೇಕು. ಆಕ್ಸಲ್ಲನ್ನು ಗಾಡಿಗೆ ಹಿಡಿದಿಡುವ ಟ್ರೇಲಿಂಗ್ ಆರ್ಮಿನ ರಬ್ಬರ್ ಬುಷ್‌ಗಳು ಸಡಿಲವಾಗಿದ್ದರೆ ಮೊದಲು ಅವನ್ನು ಬದಲಿಸಿ. ಇಲ್ಲದಿದ್ದರೆ ಚಕ್ರ ಜಿಗಿಯುವುದು ನಿಲ್ಲುವುದಿಲ್ಲ, ಹೊಸ ಆಕ್ಸಲ್ಲೂ ಅದೇ ಏಟು ತಿನ್ನುತ್ತದೆ.

ಆಕ್ಸಲ್ ಒಳಗೆ ಚಕ್ರ ತಿರುಗಿಸುವ ಶಾಫ್ಟಿನ ಬಲ ಅದರ ವ್ಯಾಸದ ಘನದಂತೆ ಏರುತ್ತದೆ. 28 ಎಂಎಂ ಬದಲು 31 ಎಂಎಂ ಹಾಕಿದರೆ ದಪ್ಪ ಮೂರೇ ಎಂಎಂ ಹೆಚ್ಚು, ತಿರುಚುವ ಬಲಕ್ಕೆ ತಡೆ ಸುಮಾರು 36 ಶೇಕಡ ಹೆಚ್ಚು. ಆದ್ದರಿಂದ ಗುಜರಿಗೆ ಹೋಗುವಾಗ ವರ್ನಿಯರ್ ಕ್ಯಾಲಿಪರ್ ಜೇಬಿನಲ್ಲಿರಲಿ. ಸ್ಪ್ಲೈನ್ (ಶಾಫ್ಟಿನ ತುದಿಯ ಹಲ್ಲುಗೆರೆ) ಪಕ್ಕದ, ಶಾಫ್ಟಿನ ಅತಿ ತೆಳು ಜಾಗವನ್ನು ಅಳೆಯಿರಿ.

ಯಾವ ಗಾಡಿಯ ಆಕ್ಸಲ್ ಹುಡುಕಬೇಕು? ತನ್ನ ಗಾಡಿಯಲ್ಲಿ ಅದು ಎಷ್ಟು ಭಾರ, ಎಷ್ಟು ಟಾರ್ಕ್ ಹೊತ್ತಿತ್ತು ಎಂಬುದೇ ನಂಬಿಗಸ್ತ ಅಳತೆ. ಟೊಯೋಟಾ ಇನ್ನೋವಾ 2.5 ಡೀಸೆಲ್ 200 ಎನ್‌ಎಂ ಎಂಜಿನ್ನಿನಲ್ಲಿ ಎಂಟು ಜನರನ್ನು ಹೊತ್ತು ಲಕ್ಷಾಂತರ ಕಿಲೋಮೀಟರ್ ಓಡಿದೆ. ಟಾಟಾ ಸಫಾರಿ 2.2 ಡೈಕಾರ್ 320 ಎನ್‌ಎಂ, ಗಾಡಿಯೇ ಸುಮಾರು ಎರಡು ಟನ್. ಕ್ವಾಲಿಸ್ ಎಂಜಿನ್ ಚಿಕ್ಕದು, ಆದರೆ ಗಾಡಿ ದುಡಿದ ರೀತಿ ನೋಡಿದರೆ ಅದರ ಆಕ್ಸಲ್ಲಿಗೆ ಮರ್ಯಾದೆ ಕೊಡಲೇಬೇಕು. ಅಗಲದಲ್ಲೂ ಕಾಂಟೆಸ್ಸಾಗೆ ಹತ್ತಿರದ ಗಾಡಿ. ಇನ್ನೋವಾ ಸ್ವಲ್ಪ ಅಗಲ, ಸಫಾರಿ ತೀರಾ ಅಗಲ. ಪ್ಲೇಟ್ ಸ್ಪ್ರಿಂಗಿನ ಅಂಬಾಸಿಡರ್‌ಗಾದರೆ ಪ್ಲೇಟ್ ಸ್ಪ್ರಿಂಗಿನದೇ ಆದ ಕ್ವಾಲಿಸ್ ಆಕ್ಸಲ್ ಕೂರಿಸುವುದು ಸುಲಭ. ಕಾಂಟೆಸ್ಸಾದಲ್ಲಿ ಕಾಯಿಲ್ ಸ್ಪ್ರಿಂಗ್, ಹಾಗಾಗಿ ಯಾವುದನ್ನು ತಂದರೂ ಬ್ರಾಕೆಟ್ ಬೆಸೆಯುವ ಕೆಲಸ ತಪ್ಪಿದ್ದಲ್ಲ.

ಟೊಯೋಟಾ ಆಕ್ಸಲ್ಲನ್ನು ಮುಂದೆ ಇಡಲು ಇನ್ನೊಂದು ಕಾರಣವಿದೆ. ಅದರ ಹೊರಕವಚ ಬ್ಯಾಂಜೊ ಹೌಸಿಂಗ್. ಕ್ರೌನ್ ಪಿನಿಯನ್ (ಪ್ರೊಪೆಲ್ಲರ್ ಶಾಫ್ಟಿನ ಸುತ್ತನ್ನು ಚಕ್ರಗಳ ಕಡೆಗೆ ತಿರುಗಿಸುವ ಹಲ್ಲಿನ ಜೋಡಿ) ಇಡೀ ಮುಂದಿನಿಂದ ಒಂದೇ ಗುಂಡಾಗಿ ಬಿಚ್ಚಿ ಬರುತ್ತದೆ. ಬೆಸೆಯುವಾಗ ಗುಂಡನ್ನು ಪಕ್ಕಕ್ಕಿಟ್ಟು, ಕೆಲಸ ಮುಗಿದ ಮೇಲೆ ಹಾಗೇ ವಾಪಸ್ ಕೂರಿಸಬಹುದು. ಗೇರಿನ ಸೆಟ್ಟಿಂಗ್ ಕದಲುವುದಿಲ್ಲ.

ಜೀಪಿನ ಆಕ್ಸಲ್ ಗಟ್ಟಿ, ಅಗ್ಗ, ಎಲ್ಲೆಡೆ ಸಿಗುತ್ತದೆ. ಆದರೂ ಕಾರಿಗೆ ಅದು ಬೇಡ ಎಂದೇ ನಮ್ಮ ಅಭಿಪ್ರಾಯ. ವಿಲ್ಲಿಸ್ ವಂಶದ 4 ವೀಲ್ ಡ್ರೈವ್ ಜೀಪುಗಳಲ್ಲಿ ಡಿಫರೆನ್ಷಿಯಲ್ ಗುಂಡು ನಡುವೆ ಇರುವುದಿಲ್ಲ, ಬಲಕ್ಕೆ ಸರಿದಿರುತ್ತದೆ. ಕಾರಿನ ಟನಲ್ಲಿಗೆ ಪ್ರೊಪೆಲ್ಲರ್ ಶಾಫ್ಟ್ ತಾಗುತ್ತದೆ. ಹಳೆಯವುಗಳಲ್ಲಿ ಶಾಫ್ಟಿನ ತುದಿ ಕೋನಾಕಾರ, ಹಬ್ ಕೂರುವುದು ಕೀಲಿಯ ಮೇಲೆ. ಟಾರ್ಕ್ ಹೆಚ್ಚಾದರೆ ಕೀಲಿ ಕತ್ತರಿಸಿ ಹೋಗುತ್ತದೆ. ಮೂರನೆಯದು ರೇಷಿಯೊ. 43 ಮತ್ತು 8 ಹಲ್ಲಿನ ಜೋಡಿ ಎಂದರೆ 5.38. 195/70 ಆರ್14 ಟೈರಿನ ಸುತ್ತಳತೆ ಸುಮಾರು 1.975 ಮೀಟರ್. ಎಕ್ಸ್‌ಪ್ರೆಸ್‌ವೇಯಲ್ಲಿ 100 ಕಿಮೀ ವೇಗದಲ್ಲಿ ಚಕ್ರ ನಿಮಿಷಕ್ಕೆ 844 ಸುತ್ತು. ಟಾಪ್ ಗೇರು 1:1 ಇದ್ದರೆ 5.38ರಲ್ಲಿ ಎಂಜಿನ್ 4540 ಸುತ್ತು ಕೂಗುತ್ತದೆ, 4.1ರಲ್ಲಿ 3460, 3.73ರಲ್ಲಿ 3150. ಲೋಣಾವಳ ಮುಟ್ಟುವಷ್ಟರಲ್ಲಿ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.

ಗುಜರಿಗೆ ಪುಣೆಯಲ್ಲಿ ಭಂಗಾರ್ ಎನ್ನುತ್ತಾರೆ. ಹೊಸದಾಗಿ ಬಂದ ಕನ್ನಡಿಗರು ಆ ಪದಕ್ಕೆ ಕಿವಿ ಹೊಂದಿಸಿಕೊಳ್ಳಬೇಕು. ಚಿಖಲಿ ಪಕ್ಕದ ಕುದಳವಾಡಿಯ ಶೆಡ್ಡುಗಳನ್ನು 2025ರ ಫೆಬ್ರವರಿಯಲ್ಲಿ ಪಿಂಪ್ರಿ ಚಿಂಚ್‌ವಾಡ್ ಪಾಲಿಕೆ ನೆಲಸಮ ಮಾಡಿತು. ಅಲ್ಲಿದ್ದ ವ್ಯಾಪಾರಿಗಳು ಚದುರಿದ್ದಾರೆ, ಹಳೇ ವಿಳಾಸ ನಂಬಿ ಟೆಂಪೊ ತಗೊಂಡು ಹೋಗಬೇಡಿ, ಮೊದಲು ಫೋನ್ ಮಾಡಿ. ಸೀಲು, ಬೇರಿಂಗಿಗೆ ನಾನಾ ಪೇಠೆ, ಲೇತ್ ಕೆಲಸಕ್ಕೆ ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶ. ಮುಂಬೈಯಲ್ಲಾದರೆ ಕುರ್ಲಾದ ಸಿಎಸ್‌ಟಿ ರೋಡ್. ಗೋವಾ ಕರಾವಳಿಯಲ್ಲಿ ಓಡಿದ ಗಾಡಿಯ ಆಕ್ಸಲ್ ಸಿಕ್ಕರೆ ಟ್ಯೂಬಿನ ಕೆಳಭಾಗವನ್ನೂ ಸ್ಪ್ರಿಂಗ್ ಸೀಟಿನ ಸಂದುಗಳನ್ನೂ ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಉಕ್ಕು ಗಂಟೆಯಂತೆ ಮೊಳಗುತ್ತದೆ, ತುಕ್ಕು ತಿಂದದ್ದು ಮಂಕಾಗಿ ಡಬ್ ಅನ್ನುತ್ತದೆ.

ಅಂಗಡಿಯಲ್ಲಿ ಕೇಳಬೇಕಾದ ಮಾತು ‘ಡ್ರಮ್ ಟು ಡ್ರಮ್’. ಎರಡೂ ಶಾಫ್ಟ್, ಬ್ರೇಕ್, ಹ್ಯಾಂಡ್‌ಬ್ರೇಕ್ ಕೇಬಲ್, ಪಿನಿಯನ್ ಫ್ಲ್ಯಾಂಜ್ (ಪ್ರೊಪೆಲ್ಲರ್ ಶಾಫ್ಟ್ ಬೋಲ್ಟ್ ಆಗುವ ಮುಖ), ಸಾಧ್ಯವಾದರೆ ಪ್ರೊಪೆಲ್ಲರ್ ಶಾಫ್ಟಿನ ಹಿಂದಿನ ಅರ್ಧ, ಎಲ್ಲ ಸೇರಿ ಒಂದೇ ಬೆಲೆ. ಬಿಡಿಬಿಡಿಯಾಗಿ ಕೊಂಡರೆ ಒಂದು ಗಾಡಿಯ ಶಾಫ್ಟು ಇನ್ನೊಂದರ ಹೌಸಿಂಗಿಗೆ ಸೇರದೆ ಮತ್ತೆ ಅಲೆಯಬೇಕಾಗುತ್ತದೆ.

ಆಮೇಲೆ ಪರೀಕ್ಷೆ. ಡ್ರೇನ್ ಪ್ಲಗ್ ಬಿಚ್ಚಿ ಸ್ವಲ್ಪ ಆಯಿಲ್ ಅಂಗೈಗೆ ಹಾಕಿಕೊಂಡು ಬಿಸಿಲಿಗೆ ಹಿಡಿಯಿರಿ. ಕಪ್ಪಗಿದ್ದರೆ ಚಿಂತೆಯಿಲ್ಲ. ಬೆಳ್ಳಿ ಬಣ್ಣ ಕಲಸಿದಂತೆ ಮಿನುಗಿದರೆ ಬೇರಿಂಗೋ ಹಲ್ಲೋ ಸವೆದಿದೆ. ಹಾಲು ಹಾಕಿದ ಕಾಫಿಯಂತಿದ್ದರೆ ನೀರು ಹೊಕ್ಕಿದೆ, ಬೇರಿಂಗ್ ತುಕ್ಕು ಹಿಡಿದಿರುತ್ತದೆ, ಬಿಟ್ಟುಬಿಡಿ. ಪಿನಿಯನ್ ಫ್ಲ್ಯಾಂಜನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಸ್ವಲ್ಪವೂ ಅಲ್ಲಾಡಬಾರದು. ತಿರುಗಿಸಿದಾಗ ಬರುವ ಸಣ್ಣ ಆಟ ಬೇರೆ, ಅದು ಇರಲೇಬೇಕು.

ಒಂದು ಶಾಫ್ಟನ್ನು ಹೊರಗೆಳೆದು ಸ್ಪ್ಲೈನ್ ಗೆರೆಗಳನ್ನು ಕಣ್ಣ ಮಟ್ಟಕ್ಕೆ ಹಿಡಿದು ನೋಡಿ. ಗೆರೆ ದಾರ ಎಳೆದಂತೆ ನೇರ ಇರಬೇಕು. ದೀಪದ ಬತ್ತಿ ಹೊಸೆದಂತೆ ಕೊಂಚ ತಿರುಚಿದ್ದರೂ ಆ ಶಾಫ್ಟಿನ ಆಯುಸ್ಸು ಮುಗಿದಿದೆ. ಸೀಲ್ ಉಜ್ಜುವ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲ್ ಹಾಕಿದರೂ ಆಯಿಲ್ ಸೋರಿ ಬ್ರೇಕ್ ಲೈನಿಂಗ್ ಹಾಳಾಗುತ್ತದೆ.

ರೇಷಿಯೊ ತಿಳಿಯಲು ಅಂಗಡಿಯವನ ಮಾತು ಸಾಲದು. ಒಂದು ಬದಿಯ ಡ್ರಮ್ ಕದಲದಂತೆ ಹಿಡಿದು ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಪಿನಿಯನ್ ಎಷ್ಟು ಸುತ್ತಿತು ಎಣಿಸಿ. ಅದೇ ರೇಷಿಯೊ. ಎರಡು ಸುತ್ತು ಯಾಕೆಂದರೆ ಒಂದೇ ಬದಿ ತಿರುಗುವಾಗ ಡಿಫರೆನ್ಷಿಯಲ್ ಅರ್ಧವನ್ನಷ್ಟೇ ದಾಟಿಸುತ್ತದೆ.

ಅಗಲವನ್ನು ಚಕ್ರ ಕೂರುವ ಮುಖದಿಂದ ಇನ್ನೊಂದು ಮುಖಕ್ಕೆ ಅಳೆಯಿರಿ, ಟೈರಿನಿಂದ ಟೈರಿಗಲ್ಲ. ತಂದ ಆಕ್ಸಲ್ 40 ಎಂಎಂ ಅಗಲವಿದ್ದರೆ ಒಂದೊಂದು ಬದಿಗೆ 20. ಹಳೇ ಚಕ್ರದ ಆಫ್‌ಸೆಟ್ ಇಟಿ 15 (ರಿಮ್ಮಿನ ನಡುಗೆರೆಯಿಂದ ಅದು ಕೂರುವ ಮುಖಕ್ಕಿರುವ ದೂರ, ಎಂಎಂನಲ್ಲಿ) ಇದ್ದರೆ ಇಟಿ 35ರ ಚಕ್ರ ಹಾಕಿದರೆ ಟೈರು ಮೊದಲಿದ್ದ ಜಾಗಕ್ಕೇ ಬರುತ್ತದೆ. ಒಂದು ಬದಿಗೆ 25 ಎಂಎಂವರೆಗೆ ಚಕ್ರದಲ್ಲೇ ಸರಿಹೋಗುತ್ತದೆ. ಅದಕ್ಕಿಂತ ಹೆಚ್ಚಾದರೆ ಆ ಆಕ್ಸಲ್ ಬಿಟ್ಟು ಬೇರೆ ಹುಡುಕುವುದೇ ಲಾಭ. ಹೌಸಿಂಗ್ ಕತ್ತರಿಸಿದರೆ ಶಾಫ್ಟನ್ನೂ ಕತ್ತರಿಸಬೇಕು. ಶಾಫ್ಟಿನ ಮೇಲ್ಪದರ ಇಂಡಕ್ಷನ್ ಹಾರ್ಡನಿಂಗ್ ಆಗಿರುತ್ತದೆ, ನಡುವೆ ತೆಳುವಾಗಿಯೂ ಇರಬಹುದು. ಹೊಸ ಸ್ಪ್ಲೈನ್ ಕಡಿಯಲು ಅಲ್ಲಿ ದಪ್ಪ ಸಾಲದು, ಕಡಿದರೂ ಮತ್ತೆ ಹಾರ್ಡನ್ ಮಾಡಿಸಬೇಕು. ಎರಡು ತುಂಡು ಶಾಫ್ಟನ್ನು ಬೆಸೆದು ಕೊಡುತ್ತೇನೆ ಎನ್ನುವ ವರ್ಕ್‌ಶಾಪಿನಿಂದ ಆ ಕ್ಷಣವೇ ಹೊರಗೆ ಬನ್ನಿ. ಬೆಸುಗೆ ಬಿಟ್ಟರೆ ಓಡುವ ಗಾಡಿಯ ಹಿಡಿತವೇ ಹೋಗುತ್ತದೆ.

ಐದು ಬೋಲ್ಟಿನ ಪಿಸಿಡಿ (ಚಕ್ರದ ಬೋಲ್ಟುಗಳು ಕೂರುವ ವೃತ್ತದ ವ್ಯಾಸ) ಅಳೆಯಲು ಪಕ್ಕಪಕ್ಕದ ಎರಡು ಸ್ಟಡ್‌ಗಳ ನಡುಬಿಂದುಗಳ ದೂರವನ್ನು 1.701ರಿಂದ ಗುಣಿಸಿ. 67.2 ಎಂಎಂ ಬಂದರೆ 114.3, ಅದು ಇನ್ನೋವಾ ಪಿಸಿಡಿ. 82.1 ಬಂದರೆ 139.7, ವಿಲ್ಲಿಸ್ ಜೀಪಿನದು. ಹಿಂದಿನ ಪಿಸಿಡಿ ಮುಂದಿನದಕ್ಕಿಂತ ಬೇರೆಯಾದರೆ ಎರಡು ಸ್ಟೆಪ್ನಿ ಒಯ್ಯಬೇಕಾಗುತ್ತದೆ ಎಂಬುದನ್ನೂ ಖರೀದಿಗೆ ಮುಂಚೆಯೇ ಯೋಚಿಸಿ.

ಬ್ರಾಕೆಟ್ ಬೆಸೆಯುವ ಕೆಲಸದಲ್ಲೇ ಹೆಚ್ಚು ಜನ ಎಡವುತ್ತಾರೆ. ಬೆಸೆದ ಕಡೆಗೆ ಟ್ಯೂಬ್ ಎಳೆದುಕೊಂಡು ಬಾಗುತ್ತದೆ. ಬಾಗಿದರೆ ಬೇರಿಂಗ್ ಬೇಗ ಹೋಗುತ್ತದೆ, ಸೀಲ್ ಸೋರುತ್ತದೆ, ಟೈರಿನ ಒಂದಂಚು ಸವೆಯುತ್ತದೆ. ಶಾಫ್ಟ್, ಸೀಲ್, ಬೇರಿಂಗ್ ಎಲ್ಲ ಹೊರತೆಗೆಯಿರಿ. ಹೌಸಿಂಗ್ ಬಾಯಿಗೆ ಕೆಟ್ಟ ಹಳೇ ಗುಂಡೊಂದನ್ನು ಬೋಲ್ಟ್ ಹಾಕಿ ಬಿಗಿದರೆ ಆಕಾರ ಕೆಡುವುದಿಲ್ಲ. ಬೇರಿಂಗ್ ಕೂರುವ ಎರಡೂ ಬಾಯಿಗೆ ಲೇತಿನಲ್ಲಿ ಬಿಲ್ಲೆ ಮಾಡಿಸಿ, ನಡುವೆ ನೇರ ಸರಳು ತೂರಿಸಿ. ಸರಳು ಕೈಯಲ್ಲಿ ಸಲೀಸಾಗಿ ಜಾರಬೇಕು. 25-30 ಎಂಎಂ ಬೆಸುಗೆ, ಆಮೇಲೆ ಎದುರು ಬದಿಗೆ ಅಷ್ಟೇ, ಕೈ ಇಡುವಷ್ಟು ಆರಲು ಬಿಡಿ, ಸರಳು ಜಾರಿಸಿ ನೋಡಿ, ಮುಂದುವರಿಸಿ. ನೀರು ಸುರಿದು ಆರಿಸಬೇಡಿ. ಒಂದು ಇಡೀ ದಿನ ಹಿಡಿಯುವ ಕೆಲಸ ಇದು, ಒಂದು ಗಂಟೆಯಲ್ಲಿ ಮುಗಿಸಿ ಕೊಟ್ಟರೆ ಹೌಸಿಂಗ್ ಬಾಗಿದೆ ಎಂದೇ ತಿಳಿಯಿರಿ.

ಪೂರ್ತಿ ಬೆಸೆಯುವ ಮುಂಚೆ ಟ್ಯಾಕ್ (ಚುಕ್ಕಿ ಬೆಸುಗೆ) ಮಾತ್ರ ಹಾಕಿ, ಗಾಡಿಯ ಪೂರ್ತಿ ಭಾರ ಚಕ್ರದ ಮೇಲೆ ಇಳಿಸಿ, ಪಿನಿಯನ್ ಕೋನ ಅಳೆಯಿರಿ. ಲಿಫ್ಟಿನಲ್ಲಿ ಆಕ್ಸಲ್ ನೇತಾಡುವಾಗ ಅಳೆದರೆ ಲೆಕ್ಕ ತಪ್ಪು. ಗೇರ್‌ಬಾಕ್ಸಿನ ಗೆರೆಗೆ ಹೋಲಿಸಿದರೆ ಪಿನಿಯನ್ ಮೂಗು ಕಾಯಿಲ್ ಸ್ಪ್ರಿಂಗಿನಲ್ಲಿ 1-2 ಡಿಗ್ರಿ, ಪ್ಲೇಟ್ ಸ್ಪ್ರಿಂಗಿನಲ್ಲಿ 2-3 ಡಿಗ್ರಿ ಕೆಳಗಿರಲಿ. ಟಾರ್ಕ್ ಬಿದ್ದಾಗ ಮೂಗು ಮೇಲೇಳುತ್ತದೆ, ಆಗ ಎರಡೂ ಗೆರೆ ಸಮಾಂತರವಾಗುತ್ತವೆ. ಪ್ರೊಪೆಲ್ಲರ್ ಶಾಫ್ಟಿನ ಸ್ಲಿಪ್ ಯೋಕ್ (ಗೇರ್‌ಬಾಕ್ಸಿನೊಳಗೆ ಜಾರುವ ತುದಿ) ಒಳಗೆ ತಾಗಲು 20-25 ಎಂಎಂ ಜಾಗ ಬಿಟ್ಟು ಉದ್ದ ನಿರ್ಧರಿಸಿ, ಬ್ಯಾಲೆನ್ಸಿಂಗ್ ಮಾಡಿಸಿ.

ಗೇರಿನ ಗುಂಡು ಚೆನ್ನಾಗಿದ್ದರೆ ಬಿಚ್ಚಬೇಡಿ. ಓಡಿದ ಹಲ್ಲುಗಳು ಒಂದಕ್ಕೊಂದು ಸವೆದು ಹೊಂದಿಕೊಂಡಿರುತ್ತವೆ, ಜಾಗ ಬದಲಿಸಿದರೆ ಗುಂಯ್ ಎನ್ನುವ ಸದ್ದು ಶುರುವಾಗುತ್ತದೆ. ಬಿಚ್ಚಲೇಬೇಕಾದರೆ ತೆಳು ಲೋಹದ ಹಳೇ ಶಿಮ್‌ಗಳನ್ನು ಅದೇ ಜಾಗಕ್ಕೆ ಹಾಕಿ, ಕ್ರಷ್ ಸ್ಲೀವ್ (ಬಿಗಿದಾಗ ಕುಗ್ಗುವ ಕೊಳವೆ) ಮಾತ್ರ ಹೊಸದು. ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಆಟ) ಸಾಮಾನ್ಯವಾಗಿ 0.13ರಿಂದ 0.20 ಎಂಎಂ, ಡಯಲ್ ಗೇಜಿನಲ್ಲಿ ಮೂರು ನಾಲ್ಕು ಕಡೆ ನೋಡಿ. ಆ ಗಾಡಿಯ ಮ್ಯಾನ್ಯುವಲ್ಲಿನಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಹಲ್ಲಿಗೆ ಮಾರ್ಕಿಂಗ್ ಪೇಸ್ಟ್ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ತುದಿಯಲ್ಲಿ ಬಿದ್ದರೆ ಪಿನಿಯನ್ ಒಳಕ್ಕೆ ಹೋಗಬೇಕು, ಬುಡದಲ್ಲಿ ಬಿದ್ದರೆ ಹೊರಕ್ಕೆ.

ಬ್ರೇಕನ್ನು ಮರೆಯುವವರೇ ಹೆಚ್ಚು. ಭಾರದ ಗಾಡಿಯ ದೊಡ್ಡ ಡ್ರಮ್ ಹಗುರ ಕಾರಿಗೆ ಬಂದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ತಿರುಗಿಬಿಡುತ್ತದೆ, ಪುಣೆ ಮಳೆಯಲ್ಲಂತೂ ಅಪಾಯ. ವೀಲ್ ಸಿಲಿಂಡರನ್ನು 22.2 ಎಂಎಂನಿಂದ 19 ಎಂಎಂಗೆ ಇಳಿಸಿದರೆ ಬಲ ಸುಮಾರು ಕಾಲುಭಾಗ ತಗ್ಗುತ್ತದೆ. ಅದೂ ಸಾಲದಿದ್ದರೆ ಹಿಂದಿನ ಬ್ರೇಕಿನ ಒತ್ತಡ ತಗ್ಗಿಸುವ ಪ್ರೊಪೋರ್ಷನಿಂಗ್ ವಾಲ್ವ್. ಖಾಲಿ, ಒದ್ದೆ ಜಾಗದಲ್ಲಿ 30 ಕಿಮೀ ವೇಗದಲ್ಲಿ ಬ್ರೇಕ್ ಒತ್ತಿ, ಹೊರಗೆ ಒಬ್ಬರನ್ನು ನಿಲ್ಲಿಸಿ ನೋಡಿಸಿ: ಮುಂದಿನ ಚಕ್ರಗಳೇ ಮೊದಲು ಲಾಕ್ ಆಗಬೇಕು.

ಕಾಗದಪತ್ರದ ಮಾತು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ತಯಾರಕರ ವಿವರಕ್ಕೆ ಹೊಂದದ ಬದಲಾವಣೆಗೆ ಅಡ್ಡಿ. ಆದ್ದರಿಂದ ಕಟರ್ ಹಿಡಿಯುವ ಮುಂಚೆ ನಿಮ್ಮ ಆರ್‌ಟಿಒದಲ್ಲೂ ವಿಮೆಯವರಲ್ಲೂ ಲಿಖಿತವಾಗಿ ಕೇಳಿ. ಗುಜರಿಯವರಿಂದ ಮೂಲ ಗಾಡಿಯ ನೋಂದಣಿ ಸಂಖ್ಯೆ ಬರೆದ ಬಿಲ್ ಪಡೆಯಿರಿ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಡಿ ವಿಂಟೇಜ್ ನೋಂದಣಿ ಬೇಕೆಂದಿದ್ದರೆ ಈ ಕೆಲಸಕ್ಕೇ ಕೈ ಹಾಕಬೇಡಿ. ಆ ನೋಂದಣಿಗೆ ಗಾಡಿ ಮೂಲ ರೂಪದಲ್ಲೇ ಇರಬೇಕು.

ಜೋಡಣೆ ಮುಗಿದ ಮೇಲೆ ಬ್ರೀದರ್ (ಆಕ್ಸಲ್ಲಿನ ಗಾಳಿಕಿಂಡಿ) ಕಟ್ಟಿಲ್ಲ ಎಂದು ಊದಿ ನೋಡಿ, ಫಿಲ್ಲರ್ ತೂತಿನ ಅಂಚಿನವರೆಗೆ ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಆಯಿಲ್ ತುಂಬಿ. ಜಿಎಲ್-4 ಆಕ್ಸಲ್ಲಿನ ಹೈಪಾಯ್ಡ್ ಗೇರಿಗೆ ಸಾಲದು. ಗೇರ್ ಹೊಸದಾಗಿ ಸೆಟ್ ಮಾಡಿದ್ದರೆ ಮೊದಲ 15-20 ಕಿಮೀ ನಿಧಾನ ಓಡಿಸಿ, ಪೂರ್ತಿ ಆರಲು ಬಿಡಿ. ಕೈ ತಾಗಿಸಿದರೆ ಬಿಸಿ ಇರುವುದು ಸಹಜ, ನೀರಿನ ಹನಿ ಚುರ್ ಎಂದರೆ ಪ್ರೀಲೋಡ್ (ಬೇರಿಂಗಿನ ಬಿಗಿತ) ಹೆಚ್ಚಾಗಿದೆ. 800 ಕಿಮೀ ಆದಮೇಲೆ ಆಯಿಲ್ ಬದಲಿಸಿ, ಯೂ-ಬೋಲ್ಟ್, ಆರ್ಮ್ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಇನ್ನೊಮ್ಮೆ ಬಿಗಿಯಿರಿ, ಬ್ರಾಕೆಟ್ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟಿದೆಯೇ ಎಂದು ಟಾರ್ಚ್ ಹಿಡಿದು ನೋಡಿ.